ಮೂಗಿಗೆ ಸಿಕ್ಕ ನೌಕರಿ

ಇವತ್ತು ಎದ್ದವಳೇ ಅಂಗಳ ಗುಡಿಸಿ ನೀರು ಹಾಕಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ನಳ ಬರುವ ದಿನ, ಹಂಡೆ, ಕೊಡ, ಬಕೆಟ್ಟು, ಕಡೆಗೆ ಕುಕ್ಕರನ್ನೂ ಬಿಡದೆ ತುಂಬಿಸಿಟ್ಟೆ. ಬೆಳ್ಳುಳ್ಳಿ ಕೈತುಂಬ ಹಾಕಿ ಶೇಂಗಾ ಚಟ್ನಿ ಕುಟ್ಟಿ, ಬಿಸಿ ರೊಟ್ಟಿಯ ಜೊತೆ ಅಲ್ಲೇ ಒಲೆಯ ಮುಂದೆ ನಿಂತು ತಿಂದೆ. ಮಗಳ ಬಿಳಿ ಯೂನಿಫಾರ್ಮಿಗೆ ಇಸ್ತ್ರಿ ಮಾಡಿದೆ. ಬೆಳಗಾವಿಯ ರವಿವಾರ ಪೇಟೆಗೆ ಹೋಗಿ ಜೋಳ, ಬೆಲ್ಲ, ಒಂದು ಕಸಬರಿಗೆ ತಂದೆ. ಬರುವಾಗ ಒಂದು ಮೊಳ ಮಲ್ಲಿಗೆ ಕೊಂಡು, ಮನೆಗೆ ಹೋಗುವ ತನಕ ತಡೆಯಲಾರದೆ ಹೂವಿನವಳ ಮುಂದೆಯೇ ಮುಡಿದುಕೊಂಡೆ. ಮಧ್ಯಾಹ್ನ ನಮ್ಮ ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ.

ಬೆಳಗಿನ ಬೆಳ್ಳುಳ್ಳಿ, ತಲೆಯಲ್ಲಿ ಮಲ್ಲಿಗೆ. ಓದುವವರಿಗೆ ಇವೆರಡರಲ್ಲಿ ವಿಶೇಷ ಕಾಣಲಿಕ್ಕಿಲ್ಲ. ನನಗೆ ಇವೇ ಪಿಂಚಣಿ. ಯಾಕೆಂದು ಮುಂದೆ ಬರುತ್ತದೆ.

ಸಂಜೆ ನಾಲ್ಕರ ಸುಮಾರಿಗೆ ರಫೀಕಣ್ಣ ಬಂದ. ಖಾನಾಪುರದ ನಮ್ಮ ಡೇರಿಗೆ ಜಾಂಬೋಟಿ ಕಡೆಯ ಹಾಲು ತರುತ್ತಿದ್ದ ಟೆಂಪೋ ಡ್ರೈವರ್. ನಾನು ಡೇರಿಯಲ್ಲಿದ್ದಷ್ಟು ವರ್ಷವೂ ಅವನ ಜೊತೆ ಜಗಳಾಡಿದವಳು, ಹಾಗಾಗಿ ಸಂಬಂಧ ಗಟ್ಟಿ. ಚಹಾ ಕೊಟ್ಟೆ. ಕಪ್ಪು ಕೆಳಗಿಟ್ಟು ಮಾತು ತೆಗೆದ.

"ಅಕ್ಕಾರ, ನಮ್ಮ ಹುಡುಗಿ ಶಬಾನಾಗ ಡೇರಿಯಾಗ ನೌಕರಿ ಆತ್ರಿ. ನೀವು ನಿಂದರತಿದ್ರಲ್ಲ, ಅದ ಡಾಕ್ ಮ್ಯಾಲೆ. ಸೋಮವಾರ ಹಾಜರ್ ಆಗಬೇಕು."

"ಚಲೋ ಆತಲ್ಲ ಮತ್ತ."

"ಏನ್ ಚಲೋ ಬಂತ್ರಿ. ಮಾರಿ ಉಬ್ಬಿಸ್ಕೊಂಡ್ ಕುಂತಾಳ. ಬಿಎಸ್ಸಿ ಓದಿ ಹಾಲು ಮೂಸಾಕ ಹೋಗ್ಲೇನ ಅಂತಾಳ. ನನ್ನ ಬೆನ್ನಂತೂ ಇನ್ನ ಸ್ಟೇರಿಂಗ್ ಮುಂದ ಕುಂದರಂಗಿಲ್ಲ, ಟೆಂಪೋ ಮಾರಿದ್ದೂ ಆತು. ಆಕಿ ತಮ್ಮ ಇನ್ನೂ ಸಾಲ್ಯಾಗ ಅದಾನ. ಆಕಿಗೆ ಎಲ್ಲಾ ಗೊತ್ತೈತಿ. ಅದಕ್ಕ ಒಲ್ಲೆ ಅನ್ನಾಕೂ ಬಾಯಿ ಬರವಲ್ದು, ಹೂಂ ಅನ್ನಾಕೂ ಬರವಲ್ದು. ನೀವು ಏನರ ಹೇಳ್ರಿ."

"ನಾ ಏನ್ ಹೇಳ್ಲಿ, ರಫೀಕಣ್ಣ?"

"ಖರೇ ಏನಿತ್ತೋ ಅದನ್ನ ಹೇಳ್ರಿ. ನಾ ಹೇಳಿದ್ರ ಅಪ್ಪ ತನ್ನ ಸಲುವಾಗಿ ಹೇಳ್ತಾನ ಅಂತಾಳ. ನೀವು ಎದುರಿಗೆ ಹೇಳಿದ್ರ ಹೂಂ ಹೂಂ ಅಂತಾಳ, ಕೇಳಂಗಿಲ್ಲ. ಬರದು ಕೊಡ್ರಿ. ಓದೂದು ಒಂದ ಚಟ ಐತಿ ಆಕಿಗೆ."

ನಾಳೆ ಬಂದು ಒಯ್ಯುತ್ತೇನೆ ಅಂತ ಹೇಳಿ ಹೋಗಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ. ಶಬಾನಾ, ಇದು ನಿನಗೆ, ಮತ್ತು ನಿನ್ನ ಹಾಗೆ ಮನೆಯ ಸಲುವಾಗಿ ಡಾಕ್ ಹತ್ತುವ ಇತರರಿಗೆ.

ಡಾಕ್ ಅಂದರೆ ಟೆಂಪೋ ಬಂದು ನಿಲ್ಲುವ ಕಟ್ಟೆ. ನನ್ನ ಕಾಲಕ್ಕೆ ಹಳ್ಳಿಹಳ್ಳಿಯ ಹಾಲು ಕ್ಯಾನಿನಲ್ಲಿ ತುಂಬಿ ಅಲ್ಲಿಗೆ ಬರುತ್ತಿತ್ತು. ಒಬ್ಬರು ಮುಚ್ಚಳ ತೆಗೆಯಬೇಕು, ತೆಗೆದ ಕೂಡಲೇ ಆ ಮುಚ್ಚಳದ ಒಳಬದಿಗೆ ಮೂಗು ಹಚ್ಚಬೇಕು. ಹಾಲಿಗೆ ಅಲ್ಲ, ಮುಚ್ಚಳಕ್ಕೆ; ಕ್ಯಾನಿನ ಬಿಸಿಗೆ ಎದ್ದ ವಾಸನೆಯೆಲ್ಲ ಅಲ್ಲಿ ಕೂತಿರುತ್ತದೆ. ಒಂದು ಉಸಿರು. 'ಪಾಸ್' ಅನ್ನಬೇಕು, ಇಲ್ಲವೆ 'ವಾಪಸ್'. ಪಾಸಾದ ಹಾಲು ದೊಡ್ಡ ಟ್ಯಾಂಕಿಗೆ. ಒಂದು ಕೆಟ್ಟ ಕ್ಯಾನು ಒಳಗೆ ಹೋದರೆ ಇಡೀ ಟ್ಯಾಂಕು ಹಾಳು. ಹೊರಗಿನಿಂದ ನೋಡಿದವರಿಗೆ, ಮೂಸುವುದಕ್ಕೂ ಸಂಬಳ ಕೊಡುತ್ತಾರಾ ಅಂತ ನಗೆ ಬರುತ್ತಿತ್ತು.

ನನಗೆ ಹೊಲಿಗೆ ಟೀಚರ್ ಆಗುವ ಆಸೆ ಇತ್ತು. ಹೊಲಿಗೆ ಪರೀಕ್ಷೆಯೂ ಪಾಸಾಗಿತ್ತು. ಆದರೆ ಶಹಾಪುರದಲ್ಲಿ ನಮ್ಮ ಮನೆಯವರ ಸೀರೆ ಮಗ್ಗಗಳು ಒಂದೊಂದೇ ನಿಂತವು. ಮಗಳು ಶ್ರುತಿ ತೊಟ್ಟಿಲಲ್ಲಿದ್ದಳು. ಅಷ್ಟರಲ್ಲಿ ಡೇರಿಯವರು ಜನ ಬೇಕೆಂದು ಕರೆದರು. ಡೇರಿಯ ಮ್ಯಾನೇಜರ್ ಕುಲಕರ್ಣಿ ಸಾಹೇಬರು ಆಗಿನ್ನೂ ಹೊಸಬರು, ಮೀಸೆ ಕಪ್ಪಗಿತ್ತು. ಮೇಜಿನ ಮೇಲೆ ಮುಚ್ಚಿದ ಬಟ್ಟಲು ಸಾಲಾಗಿ ಇಟ್ಟಿದ್ದರು. ಮೂಸಿ ಹೇಳ್ರಿ ಅಂದರು. ಇದು ನಿನ್ನೆಯದು, ಇದು ಎಮ್ಮೆಯದು, ಇದರ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ ಸರಿಯಾಗಿ ತೊಳೆದಿಲ್ಲ ಅಂದೆ. ಸಾಹೇಬರು ನನ್ನ ಸರ್ಟಿಫಿಕೇಟನ್ನು ಬಿಚ್ಚಿ ಕೂಡ ನೋಡಲಿಲ್ಲ. ಅತ್ತೆ ಅವತ್ತು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು: "ನಮ್ಮ ಸೊಸಿ ಮೂಗಿಗೆ ನೌಕರಿ ಸಿಕ್ಕೈತಿ. ಉಳದಾಕಿ ಸುಮ್ನ ಜೋಡಿ ಹೋಗ್ತಾಳ."

ಮೂಗಿಗೆ ನೌಕರಿ ಸಿಕ್ಕರೆ ಮೂಗಿನ ಕಾಯಿದೆ ಮನೆಗೆಲ್ಲ ಹತ್ತುತ್ತದೆ. ಇದನ್ನು ಡೇರಿಯಲ್ಲಿ ನಿನಗೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ, ಅದಕ್ಕೇ ನಾನು ಉದ್ದ ಹೇಳುತ್ತೇನೆ. ಡಾಕ್ ಹತ್ತುವ ಮುಂಚೆ ಬೆಳ್ಳುಳ್ಳಿ ತಿನ್ನಬಾರದು, ಹಸಿ ಉಳ್ಳಾಗಡ್ಡಿ ತಿನ್ನಬಾರದು. ಹೂವು ಮುಡಿಯಬಾರದು. ವಾಸನೆಯ ಎಣ್ಣೆ, ಪೌಡರು, ಸ್ನೋ ಯಾವುದೂ ಇಲ್ಲ. ಅತ್ತೆ ಮುಂಜಾನೆ ಲಿಂಗಪೂಜೆಗೆ ಊದಿನಕಡ್ಡಿ ಹಚ್ಚಿದರೆ ಅದು ನನ್ನ ಸೆರಗಿಗೆ ಹತ್ತುತ್ತಿತ್ತು. ಹಾಗಾಗಿ ನಾನು ಬಸ್ಸಿಗೆ ಹೋದ ಮೇಲೆಯೇ ಪೂಜೆ, ನಾನು ಹೋದ ಮೇಲೆಯೇ ಒಗ್ಗರಣೆ.

"ದೇವರಿಗೂ ಡೇರಿ ಟೈಮ ಹಚ್ಚಿ ಬಿಟ್ಟಿ ನೀನು," ಅನ್ನುತ್ತಿದ್ದರು ಅತ್ತೆ. ಆದರೂ ಒಂದು ದಿನ ತಪ್ಪಿ ಕೂಡ ಮೊದಲು ಹಚ್ಚಲಿಲ್ಲ.

ರಫೀಕಣ್ಣನಿಗೂ ಕಾಯಿದೆ ಇತ್ತು. ಶುಕ್ರವಾರ ಅವನು ಅತ್ತರು ಹಚ್ಚಿಕೊಂಡು ಬರುತ್ತಿದ್ದ. ಗಾಳಿ ಯಾವ ಕಡೆ ಬೀಸುತ್ತದೆ ನೋಡಿ ಅವನನ್ನು ಡಾಕಿನ ಆ ತುದಿಗೆ ನಿಲ್ಲಿಸುತ್ತಿದ್ದೆ. ಅಲ್ಲಿಂದಲೇ ಕೂಗಿ ಮಾತಾಡುತ್ತಿದ್ದ.

ಮದುವೆಗೆ ಹೋದರೆ ಹೂವು, ಅತ್ತರು, ಗುಲಾಬಿ ನೀರು ಎಲ್ಲದರಿಂದ ದೂರ, ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದೆ. ಬಹಳ ಸೊಕ್ಕಿನ ಹೆಂಗಸು ಅಂತ ಹೆಸರಾಯಿತು. ಅದರ ಮೇಲೆ ಹಾಲಿನ ಪದಾರ್ಥ ಒಂದೂ ಸೇರದಂತಾಯಿತು. ಕುಂದಾ ತಿನ್ನದ ಬೆಳಗಾವಿಯ ಮನುಷ್ಯರನ್ನು ಯಾರಾದರೂ ನಂಬುತ್ತಾರಾ? ಬೀಗರ ಮನೆಯಲ್ಲಿ ತಟ್ಟೆಯಲ್ಲಿ ಕುಂದಾ ಬಿಟ್ಟು ಎದ್ದರೆ ಆ ಮನೆಯವರು ಮುಂದಿನ ಸಲ ಚಹಾಕ್ಕೂ ಕರೆಯುತ್ತಿರಲಿಲ್ಲ.

ಇನ್ನು ಹಲಸಿನ ಹಣ್ಣಿನ ಕಥೆ. ಇದನ್ನು ನಿನ್ನಪ್ಪ ಬೇರೆ ರೀತಿ ಹೇಳಿರಬಹುದು, ನಾನು ಹೇಳುವುದೇ ಸರಿ.

ಮಳೆ ಹಿಡಿಯುವ ಮುಂಚಿನ ದಿನ. ಜಾಂಬೋಟಿ ಟೆಂಪೋ ಬಂತು. ರಫೀಕಣ್ಣ ಗಾಡಿ ನಿಲ್ಲಿಸಿ ಚಹಾಕ್ಕೆ ಹೋದ. ಮೊದಲ ಕ್ಯಾನಿನ ಮುಚ್ಚಳ ತೆಗೆದೆ, ಗಮ್ಮಂತ ಸಿಹಿ ವಾಸನೆ. ಎರಡನೆಯದೂ ಹಾಗೇ. ಹಾಲಿಗೆ ಏನೋ ಹಾಕಿದ್ದಾರೆ ಅಂತ ನನಗೆ ಅನಿಸಿತು. ಸಾಹೇಬರನ್ನು ಕರೆದೆ. ಅವರೂ ಮೂಸಿದರು, ಮುಖ ಗಂಭೀರ ಮಾಡಿದರು.

"ಬಾಯಾರ, ಇದು ಹೊಸಾ ನಮೂನಿ ಕಲಬೆರಕಿ. ಹುಳಿ ವಾಸನಿ ಮುಚ್ಚಾಕ ಯಾವದೋ ಎಸೆನ್ಸ್ ಹಾಕ್ಯಾರ."

"ಇಡೀ ರೂಟಿಗೇ ಹಾಕ್ಯಾರ್ರಿ?"

"ಅದಕ್ಕ ಅನ್ನೂದು, ಇದು ದೊಡ್ಡ ಕೈ ಐತಿ."

ಬೆಳಗಾವಿಗೆ ಫೋನ್ ಹೋಯಿತು. ಸ್ಯಾಂಪಲ್ ಬಾಟಲಿಗಳಿಗೆ ಸೀಲ್ ಆಯಿತು. ಯಾರೂ ಯಾವ ಕ್ಯಾನೂ ಮುಟ್ಟಬಾರದು ಅಂತ ಹುಕುಂ ಆಯಿತು. ಸಾಹೇಬರು ಡಾಕಿನ ಮೇಲೆ ಕೈ ಹಿಂದೆ ಕಟ್ಟಿಕೊಂಡು ಆ ಕಡೆ ಈ ಕಡೆ ಅಡ್ಡಾಡಿದರು. ಬಿಸಿಲು ಏರಿತು. ಆಮೇಲೆ ರಫೀಕಣ್ಣ ಚಹಾ ಕುಡಿದು, ಯಾರ ಜೊತೆಗೋ ಹರಟೆ ಹೊಡೆದು, ನಿಧಾನವಾಗಿ ಬಂದ. ಟೆಂಪೋದ ಹಿಂದೆ ಹತ್ತಿ, ಕ್ಯಾನುಗಳ ನಡುವಿನಿಂದ ಒಂದು ದೊಡ್ಡ ಹಲಸಿನ ಹಣ್ಣು ಎತ್ತಿದ. ದಾರಿಯ ಕುಲುಕಿಗೆ ಒಂದು ಕಡೆ ಬಿರಿದು ರಸ ಸೋರುತ್ತಿತ್ತು.

"ಸಾಹೇಬ್ರ, ನಿಮ್ಮ ಸಲುವಾಗಿ ತಂದೀನ್ರಿ. ಜಾಂಬೋಟಿದು. ಮನ್ಯಾಗ ಬಾಯಾರಿಗೆ ಕೊಡ್ರಿ."

ಸಾಹೇಬರು ಹಣ್ಣನ್ನೂ ನೋಡಿದರು, ನನ್ನನ್ನೂ ನೋಡಿದರು. ಅಷ್ಟೊತ್ತಿಗೆ ಬಿಸಿಲಿಗೆ ನಿಂತ ಹಾಲು ನಿಜವಾಗಿಯೇ ಹುಳಿ ಹಿಡಿದಿತ್ತು. ಆ ಹಣ್ಣನ್ನು ಯಾರು ತಿಂದರು ಅನ್ನುವುದು ಇವತ್ತಿಗೂ ಡೇರಿಯಲ್ಲಿ ವಾದದ ವಿಷಯ. ಮರುದಿನದಿಂದ 'ಹಾಲಿನ ಗಾಡಿಯಲ್ಲಿ ಹಾಲು ಬಿಟ್ಟು ಬೇರೆ ಏನೂ ಹಾಕಬಾರದು' ಅಂತ ಗೋಡೆಗೆ ಬರೆಸಿದರು. ಅದನ್ನು ನೀನು ಸೋಮವಾರ ನೋಡುತ್ತಿ.

ನಗೆ ಇಂಥದ್ದು ಬೇಕಾದಷ್ಟು. ಆದರೂ ನಾನು ಆ ನೌಕರಿಯನ್ನು ಇಷ್ಟಪಡಲಿಲ್ಲ. ಖರೇ ಹೇಳು ಅಂತ ನಿನ್ನಪ್ಪ ಅಂದಿದ್ದಾನೆ, ಅದಕ್ಕೆ ಹೇಳುತ್ತಿದ್ದೇನೆ. ಕತ್ತಲಲ್ಲಿ ಮೊದಲ ಬಸ್ಸು, ಪೀರನವಾಡಿ ದಾಟುವ ತನಕ ತೂಕಡಿಕೆ, ಖಾನಾಪುರದಲ್ಲಿ ಇಳಿದರೆ ಮಳೆಗಾಲದ ಥಂಡಿಗೆ ಬೆರಳು ಸೆಟೆದು ಮುಚ್ಚಳ ತೆಗೆಯಲು ಬರುತ್ತಿರಲಿಲ್ಲ. ಸದಾ ಒದ್ದೆ ಕಾಲು. ಅದನ್ನೆಲ್ಲ ತಾಳಿಕೊಳ್ಳಬಹುದಿತ್ತು. 'ವಾಪಸ್' ಅನ್ನುವುದನ್ನು ಮಾತ್ರ ತಾಳಲು ಆಗುತ್ತಿರಲಿಲ್ಲ.

ಒಂದು ಕ್ಯಾನಿನಲ್ಲಿ ಎಷ್ಟೋ ಮನೆಯ ಹಾಲು ಇರುತ್ತದೆ. ಯಾರೋ ಒಬ್ಬರು ನಿನ್ನೆಯ ಹಾಲು ಸೇರಿಸಿದರೆ ಎಲ್ಲರದೂ ವಾಪಸ್. ಒಮ್ಮೆ ಜಾಂಬೋಟಿ ಆಚೆಯ ಹಳ್ಳಿಯಿಂದ ಒಬ್ಬ ಹೆಂಗಸು, ಹಿಂದಿನ ದಿನ ವಾಪಸ್ ಹೋದ ಕ್ಯಾನಿನ ಜೊತೆ ತಾನೇ ಟೆಂಪೋ ಹತ್ತಿ ಬಂದಳು. ಮರಾಠಿ ಮಾತಿನವಳು. ಜಗಳಕ್ಕೆ ಬಂದಿದ್ದಾಳೆ ಅಂತ ನಾನು ತಯಾರಾಗಿ ನಿಂತೆ. ಅವಳು ಜಗಳ ಮಾಡಲಿಲ್ಲ. "ಬಾಯೀ, ಇದನ್ನ ಹೆಂಗ ತೊಳೀಬೇಕು ತೋರಸ್ರಿ," ಅಂದಳು ಮುರುಕು ಕನ್ನಡದಲ್ಲಿ. ಡಾಕಿನ ನಳದ ಕೆಳಗೆ ನಾವಿಬ್ಬರೂ ಕೂತು ತೊಳೆದೆವು. ಆಮೇಲೆ ಅವಳ ಊರಿನ ಕ್ಯಾನು ಬಂದರೆ ಅದರ ಮುಚ್ಚಳವನ್ನು ಎಲ್ಲಕ್ಕಿಂತ ಕೊನೆಗೆ ತೆಗೆಯುತ್ತಿದ್ದೆ. ಅವಳು ಬೈದಿದ್ದರೆ ಹಾಗೆ ಆಗುತ್ತಿರಲಿಲ್ಲ.

ಬಿಡಬೇಕು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತಿದ್ದೆ. ಒಂದು ವರ್ಷ ಅತ್ತೆಯ ಕಣ್ಣಿನ ಆಪರೇಶನ್. ಒಂದು ವರ್ಷ ಮಳೆಗೆ ಹಿಂದಿನ ಗೋಡೆ ಕುಸಿಯಿತು. ಒಂದು ವರ್ಷ ಮಗ್ಗಕ್ಕೆ ಮೋಟಾರು. ಆಮೇಲೆ ಶ್ರುತಿಯ ಸಾಲಿ, ಆಮೇಲೆ ಕಾಲೇಜು. ನಡುವೆ ಒಮ್ಮೆ ಕೋಟೆಯ ಹತ್ತಿರದ ಹೊಲಿಗೆ ಕ್ಲಾಸಿನವರು, ಬರುತ್ತೀರಾ ಅಂತ ಕೇಳಿದರು. ಸಂಬಳ ಡೇರಿಯ ಅರ್ಧಕ್ಕೂ ಬರುತ್ತಿರಲಿಲ್ಲ. ಮನೆಯಲ್ಲಿ ಹೇಳಿದೆ.

"ಬಿಟ್ಟ ಬಿಡು," ಅಂದರು ನಮ್ಮ ಮನೆಯವರು. ಆದರೆ ನೆಲ ನೋಡಿಕೊಂಡು ಅಂದರು.

"ಈ ವರ್ಷ ಒಂದ ಆಗ್ಲಿ ತಡೀರಿ," ಅಂದೆ ನಾನು. ಅವರು ತಲೆ ಎತ್ತಿದರು. ಹೀಗೆಯೇ ನಡೆಯಿತು.

ಊರೆಲ್ಲ ಮುಚ್ಚಿಸಿ, ಎಲ್ಲರಿಗೂ ಮಾಸ್ಕ್ ಹಾಕಿಸಿದ ಆ ರೋಗದ ಎರಡನೆಯ ಸುತ್ತಿನಲ್ಲಿ ನನಗೂ ಜ್ವರ ಬಂತು. ದೊಡ್ಡದೇನೂ ಆಗಲಿಲ್ಲ, ಮನೆಯ ಹಿಂದಿನ ಖೋಲಿಯಲ್ಲಿ ಮಲಗಿದ್ದು ಎದ್ದೆ. ನಾಳೆ ಕೆಲಸಕ್ಕೆ ಹೋಗಬೇಕು ಅನ್ನುವ ದಿನ ಒಲೆಯ ಮೇಲೆ ಹಾಲಿಟ್ಟು ಪಕ್ಕದಲ್ಲೇ ನಿಂತು ಅರಿವೆ ಮಡಿಚುತ್ತಿದ್ದೆ. ಒಳಗಿನಿಂದ ಅತ್ತೆ ಒದರಿದರು.

"ಸುವರ್ಣಾ, ಮನಿ ಹೊತ್ತಿ ಉರದ್ರೂ ನಿನಗ ಗೊತ್ತಾಗಂಗಿಲ್ಲೇನ?"

ನೋಡಿದರೆ ಹಾಲು ಉಕ್ಕಿ, ತಳ ಹಿಡಿದು, ಪಾತ್ರೆ ಕಪ್ಪಾಗಿತ್ತು. ನನಗೆ ವಾಸನೆಯೇ ಹತ್ತಿರಲಿಲ್ಲ. ನಮ್ಮ ಮನೆಯವರು ಇಂಗಿನ ಡಬ್ಬಿ ಹಿಡಿದರು. ಇಲ್ಲ. ಮಗ್ಗದ ಎಣ್ಣೆಯ ಅರಿವೆ ಹಿಡಿದರು. ಇಲ್ಲ. ಅತ್ತೆ ಬೆಳ್ಳುಳ್ಳಿ ಜಜ್ಜಿ ಮೂಗಿನೊಳಗೇ ಇಡಲು ಬಂದರು. ಇಲ್ಲ.

ಮೊದಲು ನನಗೆ ಬಂದದ್ದು ನಗೆ. ಇಷ್ಟು ವರ್ಷ ಬಿಡಲಾರದ್ದನ್ನು ಜ್ವರ ಬಿಡಿಸಿತ್ತು. ಇನ್ನು ನನ್ನನ್ನು ಡಾಕ್ ಮೇಲೆ ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ ಅನಿಸಿ ಬಾಗಿಲಿಗೆ ಆತು ನಿಂತು ನಕ್ಕೆ. ಆಮೇಲೆ ಶ್ರುತಿಯ ಮುಖ ಕಂಡಿತು. ಅವಳು ನರ್ಸಿಂಗ್ ಓದುತ್ತಿದ್ದಳು. ಮಗ್ಗಗಳು ತಿಂಗಳುಗಟ್ಟಲೆ ನಿಂತಿದ್ದವು. ಮನೆಗೆ ಬರುತ್ತಿದ್ದದ್ದು ನನ್ನ ಪಗಾರ ಒಂದೇ. ನನಗಿಂತ ಮುಂಚೆ ಡಾಕಿನ ಮೇಲಿದ್ದ ಪರಶುರಾಮ ಕಾಕಾ ಅವರ ಕಥೆ ನಮಗೆಲ್ಲ ಗೊತ್ತಿತ್ತು. ನಶ್ಯ ಏರಿಸಿ ಏರಿಸಿ ಮೂಗು ಕಳಕೊಂಡರು. ಕ್ಯಾನ್ ತೊಳೆಯಲು ಹಾಕಿದರು, ಅದೂ ದಿನಗೂಲಿಗೆ. ಸ್ವಲ್ಪ ದಿನಕ್ಕೆ ತಾವೇ ಬರುವುದನ್ನು ಬಿಟ್ಟರು.

"ನಾ ಒಂದ ವರ್ಷ ಕಾಲೇಜ್ ಬಿಡ್ತೀನಿ, ಅವ್ವಾ," ಅಂದಳು ಶ್ರುತಿ.

"ನೀ ಸುಮ್ನಿರು," ಅಂದರು ಅತ್ತೆ. ಆಮೇಲೆ ನನಗೆ, "ಬಾಯಿ ಮುಚ್ಕೊಂಡ್ ಹೋಗು ನಾಳೆ. ವಾಸನಿ ಬರಂಗಿಲ್ಲ ಅಂತ ಮೂಗಿನ ಮ್ಯಾಲೆ ಬರದಿರ್ತೈತೇನ? ಮ್ಯಾಲೆ ಮಾಸ್ಕ್ ಬ್ಯಾರೆ ಐತಿ."

"ಕೆಟ್ಟ ಹಾಲು ಪಾಸ್ ಮಾಡ್ಲೇನ್ರಿ ಅತ್ತಿ? ಕೂಸು ಕುನ್ನಿ ಕುಡೀತಾವ."

"ಮೂಸದ ನೋಡಾಕ ಬ್ಯಾರೆ ದಾರಿ ಇಲ್ಲೇನ?" ಅಂದರು ನಮ್ಮ ಮನೆಯವರು.

ಇತ್ತು. ಸಂಶಯ ಬಂದ ಹಾಲನ್ನು ಚಿಕ್ಕ ಗಾಜಿನ ನಳಿಕೆಯಲ್ಲಿ ಹಾಕಿ, ಕುದಿಯುವ ನೀರಿನಲ್ಲಿ ಇಟ್ಟು ನೋಡುವ ಪದ್ಧತಿ. ಹುಳಿ ಇದ್ದರೆ ಒಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ಯಾವಾಗಲೋ ಒಮ್ಮೆ ಮಾಡುತ್ತಿದ್ದದ್ದನ್ನು ಪ್ರತಿ ಕ್ಯಾನಿಗೂ ಮಾಡಬೇಕು, ಅಷ್ಟೇ. ಹಾಗೆಯೇ ಮಾಡಲು ಹತ್ತಿದೆ. ಮಾಸ್ಕ್ ಇಳಿಸುವುದು, ಮುಚ್ಚಳಕ್ಕೆ ಸುಮ್ಮನೆ ಮೂಗು ತೋರಿಸುವುದು, ಹುಬ್ಬು ಗಂಟು ಹಾಕುವುದು, ಕುದಿಸುವುದು. ಟೆಂಪೋಗಳು ರಸ್ತೆಯ ತನಕ ಸಾಲು ಹಚ್ಚಿದವು.

"ಅಕ್ಕಾರ, ಹಾಲು ತಗೋತೀರೋ, ಚಹಾದಂಗಡಿ ಇಟ್ಟೀರೋ?" ಅಂದ ರಫೀಕಣ್ಣ.

"ಗದ್ಲ ಮಾಡಿದ್ರ ಸಕ್ಕರಿ ಹಾಕಂಗಿಲ್ಲ," ಅಂದೆ. ಮುಂದಿನ ನಳಿಕೆಯನ್ನು ಕುದಿಯುವ ನೀರಿಗೆ ಇಟ್ಟೆ.

ಗದ್ದಲ ಕೇಳಿ ಕುಲಕರ್ಣಿ ಸಾಹೇಬರು ಹೊರಗೆ ಬಂದರು. ಇನ್ನು ಮುಗಿಯಿತು ಅಂದುಕೊಂಡೆ. ಅವರು ಒಂದು ಮುಚ್ಚಳ ಎತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಮೂಸಿದರು.

"ನೀವು ಏನಂತೀರಿ ಬಾಯಾರ?"

"ಚಲೋ ಐತ್ರಿ."

"ನಾನೂ ಹಂಗ ಅಂತೀನಿ," ಅಂದರು. ಆಮೇಲೆ ಡ್ರೈವರುಗಳ ಕಡೆ ತಿರುಗಿ, "ಬಾಯಾರು ಮಾಡೂದು ಬರೋಬ್ಬರಿ ಐತಿ. ರೋಗದ ದಿವಸ. ಎಲ್ಲಾ ಕುದಿಸೇ ತಗೊಳ್ಳೂದು." ಮರುದಿನದಿಂದ ಅದೇ ಆದೇಶವಾಯಿತು. ದಿನಾ ಬಂದು ಒಂದೆರಡು ಮುಚ್ಚಳ ಮೂಸುವರು, ನೀವು ಏನಂತೀರಿ ಅನ್ನುವರು, ನಾನೂ ಹಂಗ ಅಂತೀನಿ ಅನ್ನುವರು. ನನ್ನ ಮೇಲೆ ಸಾಹೇಬರಿಗೆ ಎಷ್ಟು ವಿಶ್ವಾಸ ಅಂತ ಅವರ ಮುಖ ನೋಡದೆ ಮುಂದಿನ ಕ್ಯಾನಿಗೆ ಹೋಗುತ್ತಿದ್ದೆ.

ಮಳೆ ಹಿಡಿದ ಮೇಲೆ ಒಂದು ಮುಂಜಾನೆ. ರಫೀಕಣ್ಣನ ಗಾಡಿ ತಡವಾಗಿ ಬಂತು. ಮೊದಲ ಕ್ಯಾನು ಕುದಿಸಿ ನೋಡಿದೆ, ಒಡೆಯಲಿಲ್ಲ. ಪಾಸ್ ಅಂದೆ. ಅವನು ಕ್ಯಾನು ಎತ್ತಲಿಲ್ಲ.

"ಅಕ್ಕಾರ, ಇನ್ನೊಮ್ಮೆ ಮೂಸ್ರಿ."

ಇಷ್ಟು ವರ್ಷದಲ್ಲಿ ಅವನು 'ಇದೊಂದು ಸಲ ಪಾಸ್ ಮಾಡ್ರಿ' ಅಂತ ಬೇಡಿದ್ದು ಎಷ್ಟೋ ಸಲ. 'ಇನ್ನೊಮ್ಮೆ ಮೂಸ್ರಿ' ಅಂದದ್ದು ಇದೇ ಮೊದಲು. ಮೂಸಿದೆ. "ಪಾಸ್ ಅಂದೆನಲ್ಲ," ಅಂದೆ.

ಅವನು ಹತ್ತಿರ ಬಂದ. ಧ್ವನಿ ಇಳಿಸಿದ. "ಡೀಸೆಲ್ ವಾಸನಿ ಹೊಡ್ಯಾಕತ್ತೈತಿ ಅಕ್ಕಾರ. ದಾರ್ಯಾಗ ಗಾಡಿ ಕೆಟ್ಟಿತ್ತು, ಪೈಪ್ ಬಿಚ್ಚಿದ್ದೆ. ಅದ ಕೈಲೆ ಮುಚ್ಚಳ ಬಿಗಿ ಮಾಡೀನಿ, ಒಳಗೂ ಇಳದೈತಿ. ನಾ ಇಲ್ಲಿ ನಿಂತ್ರ ನನಗ ಬಡ್ಯಾಕತ್ತೈತಿ." ನನ್ನ ಮುಖ ನೋಡಿದ. "ಯಾವಾಗಿಂದ?"

"ಜ್ವರ ಬಂದಾಗಿಂದ."

ಅವನು ಹಿಂದಿನ ಗಾಡಿಯವರ ಕಡೆ ಒಮ್ಮೆ ನೋಡಿ, "ವಾಪಸ್ ಅನ್ರಿ. ನಾ ಒಯ್ತೀನಿ. ಯಾರಿಗೂ ಹೇಳಂಗಿಲ್ಲ," ಅಂದ. ನಾನು ಮುಚ್ಚಳ ಹಿಡಿದೇ ನಿಂತೆ. ತಾನೇ "ವಾಪಸ್" ಅಂತ ಜೋರಾಗಿ ಕೂಗಿ, ತನ್ನ ಕ್ಯಾನನ್ನು ತಾನೇ ಗಾಡಿಗೆ ಏರಿಸಿದ.

ಕುದಿಸಿದರೆ ಹುಳಿ ಗೊತ್ತಾಗುತ್ತದೆ, ಡೀಸೆಲ್ ಗೊತ್ತಾಗುವುದಿಲ್ಲ. ನನಗೆ ಅದು ತಿಳಿಯದ ವಿಷಯವಲ್ಲ. ತಿಳಿದೂ ಆ ಕಡೆ ನೋಡಿರಲಿಲ್ಲ. ಉಳಿದ ಗಾಡಿಗಳಿಗೆ ತಡೀರಿ ಅಂತ ಹೇಳಿ, ಕೈ ತೊಳೆದು, ಸಾಹೇಬರ ಕೋಣೆಗೆ ಹೋದೆ. ಹೋಗುವಾಗ ಶ್ರುತಿ ನೆನಪಾದಳು. ನಿಲ್ಲಲಿಲ್ಲ, ನಿಂತರೆ ತಿರುಗಿ ಬರುತ್ತಿದ್ದೆ.

"ಸಾಹೇಬ್ರ, ನನಗ ವಾಸನಿ ಹತ್ತಂಗಿಲ್ರಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದ್ದು ಬಾಗಿಲು ಮುಚ್ಚಿದರು. ತಿರುಗಿ ಬಂದು ಕೂತರು.

"ನನಗೂ ಹತ್ತಂಗಿಲ್ಲ," ಅಂದರು.

"ಅಂದ್ರ?"

"ಅಂದ್ರ ಅಷ್ಟ. ನಿಮಗಿಂತ ಮೊದಲ ಹೋಗೈತಿ."

"ಮತ್ತ ದಿನಾ ಕಣ್ಣು ಮುಚ್ಚಿ ಮೂಸ್ತಿದ್ರಲ್ರಿ?"

"ನೀವು ಚಲೋ ಅಂದದ್ದಕ್ಕ ಚಲೋ ಅಂದೆ. ನಿಮ್ಮ ಮೂಗಿನ ಮ್ಯಾಲೆ ಭಾರ ಹಾಕಿ ಕುಂತಿದ್ದೆ, ಬಾಯಾರ."

"ನಾ ನಿಮ್ಮ ಮೂಗಿನ ಮ್ಯಾಲೆ ಹಾಕಿದ್ದೆ."

ಇಡೀ ಖಾನಾಪುರದ ಹಾಲನ್ನು ಮೂಗಿಲ್ಲದ ಇಬ್ಬರು ಮೂಸುತ್ತ ಕೂತಿದ್ದೆವು. ಮೊದಲು ನಕ್ಕವರು ಅವರೇ. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಅವರ ತಮ್ಮನ ಹೋಟೆಲು ಮುಚ್ಚಿ ತಮ್ಮನ ಸಂಸಾರವೂ ಇವರ ಮನೆಗೇ ಬಂದಿತ್ತಂತೆ. "ನನ್ನ ಹುದ್ದೆ ಹೋದ್ರ ಎರಡು ಒಲಿ ಆರತಾವು ಅಂತ ಬಾಯಿ ಬಿಡಲಿಲ್ಲ. ಖರೇ ಹೇಳ್ಲೇನ? ನನಗ ಈ ಡೇರಿ ಮೊದಲಿಂದ ಸೇರಂಗಿಲ್ಲ. ಫೋಟೋ ಸ್ಟುಡಿಯೋ ಹಾಕಬೇಕಂತ ಇತ್ತು."

ಇಷ್ಟು ವರ್ಷ ಎದುರುಬದುರು ಕೆಲಸ ಮಾಡಿದ್ದೆವು. ಅವರಿಗೆ ಈ ಕೆಲಸ ಬಹಳ ಪ್ರೀತಿ ಅಂತ ನಾನು ತಿಳಿದಿದ್ದೆ. ನನಗೆ ಪ್ರೀತಿ ಅಂತ ಅವರು ತಿಳಿದಿದ್ದರಂತೆ.

ನನ್ನ ಎದುರಿಗೇ ಬೆಳಗಾವಿಗೆ ಫೋನ್ ಮಾಡಿ ಇಬ್ಬರದೂ ಹೇಳಿದರು. ಆ ಕಡೆಯವರು ಸ್ವಲ್ಪ ಹೊತ್ತು ಬೈದರು. ಆಮೇಲೆ ಅಲ್ಲಿಯೂ ಡಾಕಿನವರ ಪೈಕಿ ಎಷ್ಟೋ ಮಂದಿಯದು ಇದೇ ಹಾಡು ಅಂತ ಹೊರಬಿತ್ತು. ಎಲ್ಲರನ್ನೂ ತೆಗೆದರೆ ಹಾಲು ತೆಗೆದುಕೊಳ್ಳುವವರು ಯಾರು? ಮೂಗು ಬರುವ ತನಕ ಕುದಿಸಿ ನೋಡಿ, ಮೂಗಿದ್ದವರನ್ನು ಪಕ್ಕಕ್ಕೆ ನಿಲ್ಲಿಸಿಕೊಳ್ಳಿ ಅಂತ ಹೇಳಿದರು. ನೌಕರಿ ಉಳಿಯಿತು. ಮನೆಗೆ ಬಂದು ಹೇಳಿದಾಗ ಶ್ರುತಿ ಪುಸ್ತಕ ತೆಗೆದು ಕೂತಳು.

ನಮ್ಮಲ್ಲಿ ಮೂಗಿದ್ದವರು ಅಂದರೆ ಡ್ರೈವರುಗಳು. ತನ್ನ ರೂಟಿನದನ್ನು ತಾನೇ ಮೂಸಿದರೆ ಎಲ್ಲವೂ ಪಾಸಾಗುತ್ತದೆ, ಅದಕ್ಕೆ ಒಬ್ಬರದು ಇನ್ನೊಬ್ಬರು ಅಂತ ಸಾಹೇಬರು ಹಚ್ಚಿದರು. ನಂದಗಡದ ಹಾಲು ರಫೀಕಣ್ಣ ಮೂಸಬೇಕು, ಇವನದು ನಂದಗಡದವನು. ಮೊದಲ ವಾರ ಹಗೆ ತೀರಿಸಿಕೊಂಡ ಹಾಗೆ ವಾಪಸ್ಸೇ ವಾಪಸ್ಸು. ನಾನು ಕುದಿಸಿ ತೋರಿಸಿ ಜಗಳ ಬಿಡಿಸಬೇಕು. ಎರಡನೆಯ ವಾರ ರಫೀಕಣ್ಣ ಸಪ್ಪಗೆ ಬಂದ.

"ನಿನ್ನೆ ಒಂದ ಕ್ಯಾನ್ ಖರೇನ ವಾಪಸ್ ಕಳಿಸಿನ್ರಿ ಅಕ್ಕಾರ. ಊಟ ಸೇರಲಿಲ್ಲ."

"ರೂಢಿ ಆಗ್ತೈತಿ," ಅಂದೆ.

"ನಿಮಗ ಆಗೈತೇನ?"

"ಇಲ್ಲ."

ಶ್ರಾವಣದ ಸುಮಾರಿಗೆ ಮೂಗು ಬಂತು. ಮನೆಯಲ್ಲಿ ಬೇಳೆ ಕುದಿಯುವಾಗ ಬರಲಿಲ್ಲ, ಮಲ್ಲಿಗೆಯಂಗಡಿ ದಾಟುವಾಗ ಬರಲಿಲ್ಲ. ಡಾಕಿನ ಮೇಲೆ ಒಂದು ಮುಚ್ಚಳ ಎತ್ತಿದಾಗ, ನಾನು ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಸತ್ತ ಆ ಹುಳಿ ವಾಸನೆ, ಒಂದು ಎಳೆಯಷ್ಟು ಬಂತು. ಮುಚ್ಚಳ ಕೆಳಗಿಡಲಿಲ್ಲ. ಮತ್ತೆ ಮೂಸಿದೆ, ಮತ್ತೆ ಮೂಸಿದೆ.

"ಅಕ್ಕಾರ, ಅದು ಕೆಟ್ಟೈತ್ರಿ," ಅಂದ ರಫೀಕಣ್ಣ.

"ಗೊತ್ತೈತಿ. ತಡಿ ಒಂದೀಟು."

ಸಾಹೇಬರ ಮೂಗು ಪೂರ್ತಿ ಬರಲೇ ಇಲ್ಲ. ಅವರು ಲೆಕ್ಕದ ವಿಭಾಗಕ್ಕೆ ಹೋದರು. ಈಗ ಭಾನುವಾರಗಳಲ್ಲಿ ಮದುವೆಗಳ ಫೋಟೋ ತೆಗೆಯುತ್ತಾರೆ.

ಆಮೇಲೆ ಪದ್ಧತಿಯೇ ಬದಲಾಯಿತು. ಹಳ್ಳಿಯಲ್ಲೇ ಹಾಲು ತಂಪು ಮಾಡುವ ಟ್ಯಾಂಕುಗಳು ಬಂದವು, ಟೆಂಪೋ ಹೋಗಿ ಟ್ಯಾಂಕರ್ ಬಂತು. ಮೆಷಿನ್ನಿಗೆ ಒಂದು ಚಮಚ ಹಾಲು ಕೊಟ್ಟರೆ ಪರದೆಯ ಮೇಲೆ ಎಲ್ಲ ಬರೆದು ಬರುತ್ತದೆ. ನೀನು ಕಲಿಯುವುದು ಅದನ್ನೇ. ಆದರೆ ಟ್ಯಾಂಕರಿನ ಬಾಯಿ ತೆಗೆದಾಗ ಒಂದು ಉಸಿರು ಮೂಸುವುದನ್ನು ಇನ್ನೂ ಬಿಟ್ಟಿಲ್ಲ, ನೀನೂ ಬಿಡಬೇಡ. ಶ್ರುತಿಗೆ ಆಸ್ಪತ್ರೆಯಲ್ಲಿ ಕೆಲಸವಾದ ಮೇಲೆ, ಇಷ್ಟವಿದ್ದವರು ಮೊದಲೇ ನಿವೃತ್ತಿ ತೆಗೆದುಕೊಳ್ಳಬಹುದು ಅಂತ ಡೇರಿಯವರು ಹೇಳಿದರು. ಸಾಲಿನಲ್ಲಿ ಮೊದಲು ನಿಂತವಳು ನಾನು.

ಶಬಾನಾ, ಸೋಮವಾರ ಹೋಗು ಅಂತಲೇ ನಾನು ಹೇಳುವುದು. ನಿನ್ನ ಮನೆಗೆ ಈಗ ಅದು ಬೇಕು, ಅದನ್ನು ಬಣ್ಣ ಹಚ್ಚಿ ಹೇಳುವುದಿಲ್ಲ. ಸ್ವೆಟರು ಒಂದು, ಒಣ ಚಪ್ಪಲಿ ಒಂದು ಅಲ್ಲೇ ಇಟ್ಟಿರು. 'ವಾಪಸ್' ಅನ್ನುವಾಗ ಪರದೆ ನೋಡುತ್ತ ಅನ್ನಬೇಡ, ತಂದವರ ಮುಖ ನೋಡುತ್ತ ಅನ್ನು. ಆದರೆ ನಾನು ಮಾಡದ ಒಂದು ಕೆಲಸ ನೀನು ಮಾಡು. ಇದು ನನಗೆ ಇಷ್ಟವಿಲ್ಲ, ನಿಮ್ಮ ಸಲುವಾಗಿ ಹೋಗುತ್ತೇನೆ, ತಮ್ಮ ದುಡಿಯಲು ಹತ್ತಿದ ಮೇಲೆ ಬಿಡುತ್ತೇನೆ ಅಂತ ಅಪ್ಪ ಅವ್ವ ತಮ್ಮ ಮೂವರನ್ನೂ ಕೂರಿಸಿಕೊಂಡು ಬಾಯಿಬಿಟ್ಟು ಹೇಳಿ ಹೋಗು. ನಾನು, ಈ ವರ್ಷ ಒಂದು ಆಗಲಿ, ಈ ವರ್ಷ ಒಂದು ಆಗಲಿ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಯಾರಿಗೂ ಕೇಳಿಸಲಿಲ್ಲ, ಕೇಳಿಸದ್ದಕ್ಕೆ ಅವರನ್ನು ಬೈಯಲೂ ಬರಲಿಲ್ಲ. ಕೆಲಸ ಮನಸ್ಸಿಗೆ ಸೇರದೆ ಹೋದರೂ ಚಿಂತೆಯಿಲ್ಲ, ಕೆಟ್ಟದಾಗಿ ಮಾಡಬೇಡ. ನಿನ್ನಪ್ಪ ಬೇಕಾದರೆ ಇದನ್ನು ಓದಲಿ.

ಇಷ್ಟು ಬರೆಯುವಾಗ ಶ್ರುತಿ ಡ್ಯೂಟಿ ಮುಗಿಸಿ ಬಂದಳು. ಊಟಕ್ಕೆ ರೊಟ್ಟಿ, ಬದನೆಕಾಯಿ ಎಣಗಾಯಿ, ಬೆಳಗಿನ ಚಟ್ನಿ, ಉಳ್ಳಾಗಡ್ಡಿ. ಅವರಿಗೆಲ್ಲ ಮೊಸರು, ನನಗೆ ಇಲ್ಲ. ಮೊದಲ ತುತ್ತಿಗೇ ಅವಳು ವಾರ್ಡಿನ ಸುದ್ದಿ ತೆಗೆದಳು, ಯಾರೂ ಕೇಳಿರಲಿಲ್ಲ. ಅಲ್ಲಿ ಒಬ್ಬ ಅಜ್ಜ ಇದ್ದಾನಂತೆ, ಗುಳಿಗೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ನುಂಗಿದೆ ಅಂತಾನಂತೆ, ಇವಳು ಬಾಯಿ ತೆಗೆಸಿ ಹಾಡು ಹೇಳು ಅಂದಳಂತೆ. ರೊಟ್ಟಿ ಕೈಯಲ್ಲೇ ಹಿಡಿದು ಅಜ್ಜನ ಹಾಗೆ ಬಾಯಿ ಓರೆ ಮಾಡಿ ತೋರಿಸಿದಳು. ಅತ್ತೆ, ಮುಂದ, ಮುಂದ ಅನ್ನುತ್ತಿದ್ದರು. ನಾನು ಅಷ್ಟು ವರ್ಷದಲ್ಲಿ ಒಂದು ದಿನವೂ ಊಟದ ಮುಂದೆ ಡಾಕಿನ ಮಾತು ತೆಗೆದಿರಲಿಲ್ಲ. ಇನ್ನೊಂದು ರೊಟ್ಟಿ ಅವಳ ತಟ್ಟೆಗೆ ಹಾಕಿದೆ.

ಶ್ರುತಿ ಕೈ ತೊಳೆದು ಬಂದು ಅತ್ತೆಯ ಹಾಸಿಗೆಯ ಮೇಲೆ ಕೂತು, ಹೇಳುತ್ತ ಹೇಳುತ್ತ ಅಲ್ಲೇ ಒರಗಿ ಎಲ್ಲರಿಗಿಂತ ಮೊದಲು ನಿದ್ದೆ ಹೋದಳು. ಅಜ್ಜ ಗುಳಿಗೆ ನುಂಗಿದನೋ ಇಲ್ಲವೋ ನಮಗೆ ಇನ್ನೂ ಗೊತ್ತಿಲ್ಲ.